ಅಪ್ಪಯ್ಯನ ಕ್ಯಾನ್ಸರ್ ನೋವಿಗೆ ಗಾಂಜಾ ಎಣ್ಣೆ ಕೊಡಬಹುದಾ? ತಿಳಿದವರು ದಯವಿಟ್ಟು ಹೇಳಿ

ಹೊಸನಗರದ ಮಗಳು
ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಇದನ್ನು ಬರೆಯುತ್ತಿರುವಾಗ ಅಪ್ಪಯ್ಯ ಪಕ್ಕದ ಕೋಣೆಯಲ್ಲಿ ನರಳುತ್ತಿದ್ದಾರೆ. ಅವರಿಗೆ 67 ವರ್ಷ. ಬಾಯಿ ಕ್ಯಾನ್ಸರ್. ಹರೆಯದಿಂದಲೂ ಎಲೆಯಡಿಕೆ, ಜತೆಗೆ ಹೊಗೆಸೊಪ್ಪು. ಆಪರೇಷನ್ ಆಯ್ತು, ರೇಡಿಯೇಷನ್ ಆಯ್ತು. ಈಗ ಕುತ್ತಿಗೆಯ ಹತ್ತಿರ ಮತ್ತೆ ಗಂಟು ಎದ್ದಿದೆ. ಇನ್ನು ಮಾಡೋದೇನೂ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಅಂತ ಹೇಳಿ ಕಳಿಸಿಬಿಟ್ಟರು. ನೋವಿಗೆ ಒಂದು ಮಾತ್ರೆ ಬರೆದಿದ್ದಾರೆ, ದಿನಕ್ಕೆ ಎರಡು ಸಲ. ಅದು ಮೂರು ಗಂಟೆ ಹಿಡಿದರೆ ಹೆಚ್ಚು.

ರಾತ್ರಿ ಒಂದೂವರೆ ಎರಡರ ಹೊತ್ತಿಗೆ ಎದ್ದು ಕೂರುತ್ತಾರೆ. ಒಂದು ಕೈಯಲ್ಲಿ ದವಡೆ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಮಂಚದ ಅಂಚು ತಟ್ಟುತ್ತಾ ಇರುತ್ತಾರೆ. ಒಂದೇ ಸಮನೆ. ಮಾತಾಡೋಕೆ ಆಗಲ್ಲ, ಅದಕ್ಕೆ ಆ ಸದ್ದು. ನಾನು, ಅಮ್ಮ ಗೋಡೆಗೆ ಒರಗಿ ಬೆಳಗಾಗೋದನ್ನೇ ಕಾಯುತ್ತೇವೆ.

ಚಿಕ್ಕಪ್ಪನ ಮಗ ಬೆಂಗಳೂರಲ್ಲಿದ್ದಾನೆ. ಮೊನ್ನೆ ಬಂದವನು ಒಂದು ಚಿಕ್ಕ ಬಾಟಲಿ ತಂದುಕೊಟ್ಟ. 30 ಎಂಎಲ್. ಮುಚ್ಚಳದಲ್ಲೇ ಹನಿ ಹಾಕೋ ಕೊಳವೆ ಇದೆ. ಮೇಲೆ ವಿಜಯಾ ಸಾರ, 1000 ಮಿಲಿಗ್ರಾಂ ಅಂತ ಇದೆ. ಆನ್‌ಲೈನಲ್ಲಿ ತರಿಸಿದ್ದಂತೆ. ಒಬ್ಬ ಡಾಕ್ಟರ್ ಫೋನಲ್ಲಿ ಮೂರು ನಿಮಿಷ ಮಾತಾಡಿ ಚೀಟಿ ಕೊಟ್ಟರಂತೆ. ಅಪ್ಪಯ್ಯನ ಹೆಸರು, ವಯಸ್ಸು ಬಿಟ್ಟು ಇನ್ನೇನೂ ಕೇಳಲಿಲ್ಲವಂತೆ. ದಿನಕ್ಕೆ ಎರಡು ಸಲ ಐದೈದು ಹನಿ ನಾಲಿಗೆ ಕೆಳಗೆ ಹಾಕಿದರೆ ನೋವು ಹೋಗುತ್ತೆ, ಗಂಟೂ ಕರಗುತ್ತೆ ಅಂತಾನೆ ತಮ್ಮ. ಅವನಿಗೆ ದೊಡ್ಡಪ್ಪನ ಮೇಲೆ ಜೀವ. ಒಳ್ಳೇ ಮನಸ್ಸಿಂದಲೇ ತಂದಿದ್ದಾನೆ.

ಇದು ಗಾಂಜಾದಿಂದ ಮಾಡಿದ್ದು ಅಂತ ತಿಳಿದು ಅಮ್ಮ ಹೆದರಿದ್ದಾರೆ. ನನಗೆ ಅದಕ್ಕಿಂತ ಜಾಸ್ತಿ ಹೆದರಿಕೆ ಅಪ್ಪಯ್ಯನ ರಾತ್ರಿಗಳದ್ದು. ಇದು ಕೆಲಸ ಮಾಡುತ್ತಾ? ಬೇರೆ ಮಾತ್ರೆ ಜತೆ ಕೊಡಬಹುದಾ? ಪೊಲೀಸ್ ಗೀಲೀಸ್ ಅಂತ ಏನಾದರೂ ಆಗುತ್ತಾ? ಬಾಟಲಿಯ ಸೀಲ್ ಇನ್ನೂ ಒಡೆದಿಲ್ಲ.


ತೋಟದಮನೆ, ತೀರ್ಥಹಳ್ಳಿ
ಸೋಮವಾರ, ರಾತ್ರಿ 11:58

ಓದಿ ಕರುಳು ಕಿವುಚಿದ ಹಾಗಾಯ್ತು ತಂಗಿ. ನಮ್ಮಜ್ಜಿ ಕೊಟ್ಟಿಗೆಯ ಮಾಡಿನಲ್ಲಿ ಒಣಗಿದ ಭಂಗಿ ಸೊಪ್ಪು ಸಿಕ್ಕಿಸಿಡುತ್ತಿದ್ದರು. ದನಕ್ಕೆ ಭೇದಿ ಆದರೆ ಒಂದು ಚಿಟಿಕೆ ಬೆಲ್ಲದ ಜತೆ ತಿನ್ನಿಸುತ್ತಿದ್ದರು. ಮನುಷ್ಯರಿಗೆ ಕೊಟ್ಟಿದ್ದು ನಾನು ನೋಡಿಲ್ಲ. ತಿಳಿದವರು ಬರೆಯುತ್ತಾರೆ, ಬೆಳಗ್ಗೆವರೆಗೆ ತಡೆದುಕೊಳ್ಳಿ.


ಔಷಧಿ ಅಂಗಡಿ, ಶಿವಮೊಗ್ಗ
ಮಂಗಳವಾರ, ಬೆಳಗ್ಗೆ 6:50

ತಂಗಿ, ನಾನು 22 ವರ್ಷದಿಂದ ಔಷಧಿ ಅಂಗಡಿ ನಡೆಸುತ್ತಿದ್ದೇನೆ. ಡಾಕ್ಟರ್ ಅಲ್ಲ. ಆದರೆ ಬಾಟಲಿ ಮೇಲೆ ಬರೆದಿದ್ದನ್ನು ಓದೋದು ನನ್ನ ದಿನದ ಕೆಲಸ. ಅಷ್ಟರ ಮಟ್ಟಿಗೆ ಹೇಳುತ್ತೇನೆ.

ಈ ಗಿಡದಲ್ಲಿ ಇದಕ್ಕೇ ಸೇರಿದ ಅಂಶಗಳು ನೂರಕ್ಕೂ ಜಾಸ್ತಿ ಇವೆ. ನಮಗೆ ಬೇಕಾದ್ದು ಎರಡು. ಒಂದು ಟಿಎಚ್‌ಸಿ, ಅಮಲು ಬರಿಸೋದು ಅದೇ. ಇನ್ನೊಂದು ಸಿಬಿಡಿ, ಅದರಲ್ಲಿ ಅಮಲಿಲ್ಲ. ಎರಡರಿಂದಲೂ ನಿಜವಾದ ಔಷಧಿ ಆಗಿದೆ, ಸುಳ್ಳಲ್ಲ. ಕೀಮೋ ತಗೊಳ್ಳುವವರ ವಾಂತಿಗೆ ಡ್ರೊನಾಬಿನಾಲ್, ನ್ಯಾಬಿಲೋನ್ ಅನ್ನೋ ಮಾತ್ರೆಗಳಿಗೆ ಅಮೆರಿಕದಲ್ಲಿ 1985ರಲ್ಲೇ ಒಪ್ಪಿಗೆ ಸಿಕ್ಕಿದೆ. ಅವು ಪ್ರಯೋಗಾಲಯದಲ್ಲಿ ತಯಾರಾದ ಟಿಎಚ್‌ಸಿ ಮತ್ತು ಅದರ ಜಾತಿಯವು. ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನೋ ನರದ ಕಾಯಿಲೆಯಲ್ಲಿ ಕೈಕಾಲು ಸೆಟೆದುಕೊಳ್ಳುತ್ತದಲ್ಲ, ಅದಕ್ಕೆ ಎರಡನ್ನೂ ಸೇರಿಸಿದ ಬಾಯಿಗೆ ಸಿಂಪಡಿಸೋ ಔಷಧಿ ಇಂಗ್ಲೆಂಡಿನಲ್ಲಿ 2010ರಿಂದ ಇದೆ. ಮಕ್ಕಳ ಕೆಲವು ಕಠಿಣ ಮೂರ್ಛೆರೋಗಕ್ಕೆ ಶುದ್ಧ ಸಿಬಿಡಿಯ ಎಪಿಡಿಯೊಲೆಕ್ಸ್‌ಗೆ 2018ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು.

ಈಗ ನಿಮ್ಮ ಬಾಟಲಿಗೆ ಬರೋಣ. 30 ಎಂಎಲ್ ಅಂದರೆ ಹತ್ತಿರ ಹತ್ತಿರ 600 ಹನಿ. 1000 ಮಿಲಿಗ್ರಾಮನ್ನು 600ರಿಂದ ಭಾಗಿಸಿ. ಒಂದು ಹನಿಗೆ ಒಂದೂಮುಕ್ಕಾಲು ಮಿಲಿಗ್ರಾಮೂ ಬರಲ್ಲ. ದಿನಕ್ಕೆ ಹತ್ತು ಹನಿ ಅಂದರೆ ಸುಮಾರು 17 ಮಿಲಿಗ್ರಾಂ. ಮೂರ್ಛೆರೋಗದ ಪರೀಕ್ಷೆಗಳಲ್ಲಿ ಮಕ್ಕಳಿಗೆ ಕೊಟ್ಟಿದ್ದು ಒಂದು ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 20 ಮಿಲಿಗ್ರಾಂ. 20 ಕೆಜಿ ತೂಗುವ ಮಗುವಿಗೆ 200ರಿಂದ 400. ಆ ಲೆಕ್ಕದಲ್ಲಿ ನಿಮ್ಮ ಬಾಟಲಿ ಎರಡೂವರೆಯಿಂದ ಐದು ದಿನಕ್ಕೆ ಖಾಲಿ. ಕಾಯಿಲೆ ಬೇರೆ, ನಿಜ. ಆದರೆ ಅಲ್ಲಿ ಗೆದ್ದ ಪರೀಕ್ಷೆಯ ಹೆಸರು ಹೇಳಿ ಇಲ್ಲಿ ಹನಿ ಲೆಕ್ಕದಲ್ಲಿ ಮಾರುತ್ತಾರೆ. ಆ ಅಂತರ ಜನಕ್ಕೆ ಗೊತ್ತಾಗಲಿ ಅಂತ ಹೇಳಿದೆ.

ಇನ್ನೊಂದು ಮಾತು. ಆ 1000 ಮಿಲಿಗ್ರಾಂ ಯಾವುದರದ್ದು? ಸಿಬಿಡಿಯದ್ದಾ, ಟಿಎಚ್‌ಸಿಯದ್ದಾ, ಎಲ್ಲಾ ಸೇರಿದ ಸಾರದ್ದಾ? ಲೇಬಲ್ ಫೋಟೋ ಹಾಕಿ, ಹಿಂಬದಿಯದ್ದೂ ಹಾಕಿ. ಅಮೆರಿಕದಲ್ಲಿ ಆನ್‌ಲೈನಲ್ಲಿ ಮಾರುವ 84 ಸಿಬಿಡಿ ಉತ್ಪನ್ನ ತರಿಸಿ ಪರೀಕ್ಷೆ ಮಾಡಿದರು, 2017ರಲ್ಲಿ ವರದಿ ಬಂತು. ಲೇಬಲಿನಲ್ಲಿ ಇದ್ದಷ್ಟೇ ಒಳಗೂ ಇದ್ದದ್ದು ನೂರಕ್ಕೆ 31ರಲ್ಲಿ ಮಾತ್ರ. ಆ 84ರ ಪೈಕಿ 18ರಲ್ಲಿ ಟಿಎಚ್‌ಸಿ ಸಿಕ್ಕಿತು. ಅಷ್ಟು ಕಟ್ಟುನಿಟ್ಟಿನ ದೇಶದ ಕಥೆ ಇದು.

ಅಪ್ಪಯ್ಯ ಈಗ ತಗೊಳ್ಳುತ್ತಿರುವ ಎಲ್ಲಾ ಮಾತ್ರೆಗಳ ಹೆಸರೂ ಬರೆಯಿರಿ. ರಕ್ತ ತೆಳುವಾಗಿಸೋ ವಾರ್ಫರಿನ್, ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ ಇದ್ದರೆ ಸಿಬಿಡಿ ಅವುಗಳ ಲೆಕ್ಕ ಕೆಡಿಸುತ್ತೆ. ಲಿವರ್ ಆ ಮಾತ್ರೆಗಳನ್ನು ಕರಗಿಸಿ ಹೊರಹಾಕೋ ದಾರಿಗೇ ಇದು ಅಡ್ಡ ಬರುತ್ತದೆ. ಹಾಗಾಗಿ ಮಾತ್ರೆ ಒಂದೇ ನುಂಗಿದರೂ ಮೈಯಲ್ಲಿ ಎರಡು ನುಂಗಿದಷ್ಟು ಉಳಿಯಬಹುದು.


ಹೊಸನಗರದ ಮಗಳು
ಮಂಗಳವಾರ, ಬೆಳಗ್ಗೆ 7:35

ಅಣ್ಣ, ಫೋಟೋ ಹಾಕಿದ್ದೇನೆ. ಹಿಂದೆ ಸಿಬಿಡಿ ಎಷ್ಟು, ಟಿಎಚ್‌ಸಿ ಎಷ್ಟು ಅಂತ ಬೇರೆ ಬೇರೆ ಬರೆದಿಲ್ಲ. ಸಾರ ಅಂತ ಮಾತ್ರ ಇದೆ. ವೈದ್ಯರ ನಿಗಾದಲ್ಲಿ ತೆಗೆದುಕೊಳ್ಳಬೇಕು ಅಂತ ಚಿಕ್ಕ ಅಕ್ಷರದಲ್ಲಿದೆ. ನಿನ್ನೆ ರಾತ್ರಿ ಮೂರಕ್ಕೆ ಅಪ್ಪಯ್ಯನಿಗೆ ಸ್ವಲ್ಪ ನಿದ್ದೆ ಹತ್ತಿತು.


ಸೊರಬದ ಅಪ್ಪ
ಮಂಗಳವಾರ, ಬೆಳಗ್ಗೆ 9:10

ನನ್ನ ಮಗನ ವಿಷಯ ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆಗಲಿ.

ಅವನಿಗೆ ಒಂಬತ್ತು ವರ್ಷ. ಲೆನಾಕ್ಸ್ ಗಾಸ್ಟೋ ಅನ್ನೋ ಫಿಟ್ಸ್ ಕಾಯಿಲೆ. ನಿಂತಲ್ಲೇ ಕಡಿದ ಬಾಳೆಗಿಡದ ಹಾಗೆ ಬೀಳುತ್ತಾನೆ. ಕೈ ಊರಿಕೊಳ್ಳೋಕೂ ಹೊತ್ತಿರಲ್ಲ. ಹಣೆಯಲ್ಲಿ ಮೂರು ಹೊಲಿಗೆ, ಗದ್ದದಲ್ಲಿ ಎರಡು. ಮನೆಯೊಳಗೂ ಹೆಲ್ಮೆಟ್ ಹಾಕಿಸುತ್ತೇವೆ. ಅಡುಗೆಮನೆ ಗೋಡೆಗೆ ಒಂದು ನೂರು ಪುಟದ ನೋಟ್‌ಬುಕ್ ನೇತುಹಾಕಿದ್ದೇವೆ, ದಾರ ಕಟ್ಟಿ ಪೆನ್ಸಿಲ್ ಸಮೇತ. ಒಂದು ಸಲ ಬಿದ್ದರೆ ಒಂದು ಗೀಟು. ಯಾರು ನೋಡಿದರೋ ಅವರು ಎಳೆಯಬೇಕು. ಅವನ ಅಕ್ಕನೂ ಎಳೆಯುತ್ತಾಳೆ, ಅವಳಿಗೆ ಹನ್ನೊಂದು.

ಎರಡು ವರ್ಷದ ಹಿಂದೆ ನಾನೂ ಒಂದು ಎಣ್ಣೆ ತರಿಸಿದೆ. ಡಾಕ್ಟರಿಗೆ ಹೇಳಲಿಲ್ಲ. ಬೈತಾರೆ ಅಂತ ಹೆದರಿಕೆ. ಅವನು ಆಗಲೇ ಕ್ಲೋಬಜಾಮ್, ವಾಲ್ಪ್ರೋಯೇಟ್ ಅನ್ನೋ ಫಿಟ್ಸ್ ಔಷಧಿ ತಗೊಳ್ಳುತ್ತಿದ್ದ. ಎರಡನೇ ವಾರಕ್ಕೆ ಮಗು ಇಡೀ ದಿನ ತೂಕಡಿಸೋಕೆ ಶುರು ಮಾಡಿದ. ಊಟದ ತುತ್ತು ಬಾಯಲ್ಲಿಟ್ಟುಕೊಂಡೇ ಕಣ್ಣು ಮುಚ್ಚುತ್ತಿದ್ದ. ಗೀಟು ಮಾತ್ರ ಅಷ್ಟೇ ಇದ್ದವು, ದಿನಕ್ಕೆ ಹನ್ನೆರಡು, ಹದಿಮೂರು. ಕೊನೆಗೆ ಬೆಂಗಳೂರಿಗೆ ಹೋದಾಗ ಬಾಯಿಬಿಟ್ಟೆ. ಆ ಡಾಕ್ಟರ್ ಬೈಯಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತು ಬಿಡಿಸಿ ಹೇಳಿದರು.

ಸಿಬಿಡಿ ಕೊಟ್ಟಾಗ ಕ್ಲೋಬಜಾಮಿನಿಂದ ಮೈಯಲ್ಲಿ ಆಗೋ ಇನ್ನೊಂದು ವಸ್ತುವಿನ ಪ್ರಮಾಣ ಏರುತ್ತದಂತೆ, ಅದಕ್ಕೆ ಆ ಮಂಪರು. ಎಣ್ಣೆಯಲ್ಲಿ ಟಿಎಚ್‌ಸಿ ಇದ್ದರೂ ಹಾಗಾಗಬಹುದು. ವಾಲ್ಪ್ರೋಯೇಟ್ ಜತೆ ಆದರೆ ಲಿವರಿಗೆ ಪೆಟ್ಟು, ಅದಕ್ಕೆ ರಕ್ತಪರೀಕ್ಷೆ ಮಾಡಿಸಿಯೇ ಶುರು ಮಾಡಬೇಕು. ಶುದ್ಧ ಔಷಧಿಯ ಪರೀಕ್ಷೆಯ ಫಲವನ್ನೂ ಹೇಳಿದರು, ನಾನು ಬರೆದಿಟ್ಟುಕೊಂಡಿದ್ದೇನೆ. ನನ್ನ ಮಗನ ಕಾಯಿಲೆ ಇರುವವರಲ್ಲಿ ದೊಡ್ಡ ಪ್ರಮಾಣ ಕೊಟ್ಟಾಗ ಬೀಳೋದು ನೂರಕ್ಕೆ 42ರಷ್ಟು ಕಡಿಮೆ ಆಯಿತು. ಹೋಲಿಸಿ ನೋಡೋಕೆ ಔಷಧಿಯ ಅಂಶವೇ ಇಲ್ಲದ ಸಪ್ಪೆ ಔಷಧಿ ಕೊಟ್ಟವರಲ್ಲಿ 17ರಷ್ಟು. ಡ್ರಾವೆ ಅನ್ನೋ ಇನ್ನೊಂದು ಕಾಯಿಲೆಯಲ್ಲಿ ತಿಂಗಳಿಗೆ 12 ಬರುತ್ತಿದ್ದ ದೊಡ್ಡ ಫಿಟ್ಸ್ 6ಕ್ಕೆ ಇಳಿಯಿತು. ಪೂರ್ತಿ ನಿಲ್ಲಲ್ಲ, ಅರ್ಧ ಆಗಬಹುದು, ಕೆಲವರಿಗೆ ಏನೂ ಆಗದೇ ಇರಬಹುದು ಅಂದರು.

ಅರ್ಧ ಅಂದರೆ ಕಡಿಮೆ ಅಂತ ನಿಮಗೆ ಅನಿಸಬಹುದು. ನಮಗೆ ಹನ್ನೆರಡು ಗೀಟು ಆರಾದರೆ ಮಗು ಆ ದಿನ ಅಂಗಳಕ್ಕೆ ಇಳಿಯುತ್ತಾನೆ.

ಈಗ ಮಾತ್ರೆ ಬದಲಾಯಿಸಿದ್ದಾರೆ, ಏಳೆಂಟಕ್ಕೆ ಬಂದಿದೆ. ಶುದ್ಧ ಸಿಬಿಡಿ ಔಷಧಿ ಕೊಡೋ ವಿಚಾರ ಮುಂದಿನ ಸಲ ಮಾತಾಡೋಣ ಅಂದಿದ್ದಾರೆ. ತಂಗಿ, ನಿಮ್ಮ ಡಾಕ್ಟರಿಗೆ ಹೇಳದೆ ಮಾತ್ರ ಕೊಡಬೇಡಿ. ನಾನು ಮಾಡಿದ ತಪ್ಪು ಅದು.


ಕುಪ್ಪಳ್ಳಿ ದಾರಿ
ಮಂಗಳವಾರ, ಬೆಳಗ್ಗೆ 10:02

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಅತ್ತೆಗೆ ಮಂಡಿ ನೋವು. ಹೆಂಪ್ ಬೀಜದ ಎಣ್ಣೆ ಅಂತ ಅಂಗಡಿಯಲ್ಲೇ ಸಿಗುತ್ತಿದೆ. ಇದೇನಾ ಅದು?


ಔಷಧಿ ಅಂಗಡಿ, ಶಿವಮೊಗ್ಗ
ಮಂಗಳವಾರ, ಬೆಳಗ್ಗೆ 10:20

ಅಲ್ಲ. ಹೆಂಪ್ ಅಂದರೆ ಇದೇ ಜಾತಿಯ ಗಿಡ, ಆದರೆ ಅದು ಬೀಜ ಹಿಂಡಿದ ಎಣ್ಣೆ, ನಮ್ಮ ಎಳ್ಳೆಣ್ಣೆ ಇದ್ದ ಹಾಗೆ. 2021ರ ನವೆಂಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರ ಅಂತ ಒಪ್ಪಿದೆ. ಒಳ್ಳೇ ಕೊಬ್ಬಿನಂಶ, ಪ್ರೋಟೀನ್ ಇದೆ. ಬೀಜದಲ್ಲಿ ಸಿಬಿಡಿ ಇಲ್ಲವೆನ್ನುವಷ್ಟು ಕಡಿಮೆ. ಚಟ್ನಿಗೆ ಬೆರೆಸಿಕೊಳ್ಳಬಹುದು, ಮಂಡಿ ನೋವಿಗೆ ಔಷಧಿ ಅಂತ ದುಡ್ಡು ಸುರಿಯಬೇಡಿ.


ನಿವೃತ್ತ ಮೇಷ್ಟ್ರು, ಸಾಗರ
ಮಂಗಳವಾರ, ಮಧ್ಯಾಹ್ನ 2:15

ಮಗಳೇ, ನಾನು ವಿಜ್ಞಾನ ಪಾಠ ಮಾಡಿದವನು. ಈ ಗಿಡದ ಕಥೆಯಲ್ಲಿ ನಮ್ಮ ದೇಶದ ಪಾಲು ದೊಡ್ಡದು. 1839ರಲ್ಲಿ ಕಲ್ಕತ್ತೆಯಲ್ಲಿದ್ದ ಒ'ಶಾನೆಸ್ಸಿ ಅನ್ನೋ ಐರಿಷ್ ಡಾಕ್ಟರ್ ಇಲ್ಲಿನ ವೈದ್ಯರು, ಹಕೀಮರನ್ನು ಕೇಳಿ ತಿಳಿದು, ಧನುರ್ವಾಯು ಆದವರಿಗೆ, ಸೆಳವು ಬಂದ ಕೂಸಿಗೆ ಇದರ ಸಾರ ಕೊಟ್ಟು ಬರೆದಿಟ್ಟರು. ಯುರೋಪಿನ ಔಷಧಿ ಅಂಗಡಿಗಳಿಗೆ ಇದು ಹೋಗಿದ್ದು ಆ ಬರಹದ ಬೆನ್ನಲ್ಲೇ.

ಆದರೆ ಒಳಗೆ ಏನಿದೆ ಅಂತ ಗೊತ್ತಾಗೋಕೆ ಇನ್ನೂ ನೂರಿಪ್ಪತ್ತೈದು ವರ್ಷ ಬೇಕಾಯಿತು. ಇಸ್ರೇಲಿನ ರಾಫೇಲ್ ಮೆಶುಲಂ ಮತ್ತು ಅವರ ಜತೆಯವರು 1963ರಲ್ಲಿ ಸಿಬಿಡಿಯ ರಚನೆ ಬಿಡಿಸಿದರು, 1964ರಲ್ಲಿ ಟಿಎಚ್‌ಸಿಯನ್ನು ಬೇರ್ಪಡಿಸಿದರು. ಆಮೇಲೆ ಇನ್ನೂ ಚೆಂದದ ಸಂಗತಿ ಗೊತ್ತಾಯಿತು. ಟಿಎಚ್‌ಸಿ ಹೋಗಿ ಕೂರುವ ಜಾಗಗಳು ನಮ್ಮ ಮಿದುಳಲ್ಲಿ ಮೊದಲೇ ಇವೆ. ಹಾಗಾದರೆ ಅಲ್ಲಿ ಕೂರೋಕೆ ನಮ್ಮ ಮೈಯೇ ಏನೋ ಒಂದನ್ನು ತಯಾರಿಸುತ್ತಿರಬೇಕು, ಅಲ್ವಾ? 1992ರಲ್ಲಿ ಅದು ಸಿಕ್ಕಿತು. ಅದಕ್ಕೆ ಸಂಸ್ಕೃತದ ಆನಂದ ಅನ್ನೋ ಮಾತಿನಿಂದಲೇ ಆನಂದಮೈಡ್ ಅಂತ ಹೆಸರಿಟ್ಟರು. ನೋವು, ಹಸಿವು, ನಿದ್ದೆ, ನೆನಪು, ಎಲ್ಲಕ್ಕೂ ಅದು ಕೈ ಹಾಕುತ್ತದೆ. ಒಂದೇ ಗಿಡ ಇಷ್ಟೊಂದು ಕಾಯಿಲೆಗೆ ಸಂಬಂಧಪಟ್ಟ ಹಾಗೆ ಕಾಣೋದು ಇದಕ್ಕೇ. ಒಂದು ಕಡೆ ಉಪಕಾರ ಮಾಡುವಾಗ ಇನ್ನೊಂದು ಕಡೆ ಕೆಡಿಸೋದೂ ಇದಕ್ಕೇ.

2020ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಾದಕವಸ್ತು ಆಯೋಗ ಗಾಂಜಾವನ್ನು ಅತಿ ಅಪಾಯದ, ಔಷಧಿಗೆ ಬಾರದ ವಸ್ತುಗಳ ಪಟ್ಟಿಯಿಂದ ತೆಗೆಯಿತು. ಪರವಾಗಿ 27 ಮತ, ವಿರೋಧ 25. ಭಾರತ ಪರವಾಗಿ ಕೈ ಎತ್ತಿತು. ಬಾಗಿಲು ತೆರೆದಿದೆ. ಒಳಗಿನ ಕೆಲಸ ಇನ್ನೂ ಬೇಕಾದಷ್ಟು ಬಾಕಿ ಇದೆ.


ಆಯುರ್ವೇದ ವೈದ್ಯೆ, ಸಾಗರ ತಾಲ್ಲೂಕು
ಮಂಗಳವಾರ, ಸಂಜೆ 5:30

ಮೇಷ್ಟ್ರೇ, ಚೆನ್ನಾಗಿ ಬರೆದಿದ್ದೀರಿ. ಬಾಟಲಿ ಮೇಲೆ ವಿಜಯಾ ಅನ್ನೋ ಹೆಸರಿರೋದರಿಂದ ನಾನು ಸ್ವಲ್ಪ ಸೇರಿಸಬೇಕು.

ಭಂಗಾ, ವಿಜಯಾ, ಮಾದಿನಿ, ಈ ಗಿಡದ ಈ ಹೆಸರುಗಳೆಲ್ಲ ನಮ್ಮ ಹಳೇ ಆಯುರ್ವೇದ ಗ್ರಂಥ ಭಾವಪ್ರಕಾಶದಲ್ಲಿವೆ. ಕಹಿ, ಹಗುರ, ಉಷ್ಣ, ಜೀರ್ಣ ಮಾಡಿಸುತ್ತೆ, ಭೇದಿ ಕಟ್ಟುತ್ತೆ ಅಂತ ಗುಣ ಹೇಳಿ, ಅದೇ ಉಸಿರಲ್ಲಿ ಮೋಹ, ಮದ ಹೆಚ್ಚಿಸುತ್ತೆ ಅಂತಲೂ ಹೇಳಿದೆ. ಅಂದರೆ ಹಿಂದಿನವರು ಎರಡೂ ಮುಖ ನೋಡಿದ್ದರು. ಜಾತಿಫಲಾದಿ ಚೂರ್ಣದಲ್ಲಿ ಜಾಯಿಕಾಯಿ, ಲವಂಗ, ಏಲಕ್ಕಿ ಜತೆ ಭಂಗಿ ಇದೆ, ಗ್ರಹಣಿಗೆ, ಅಂದರೆ ಬಿಡದೆ ಕಾಡುವ ಭೇದಿಗೆ ಕೊಡೋದು. ಎಲೆಯನ್ನು ಹಾಗೇ ಹಾಕೋದಿಲ್ಲ, ಶೋಧನೆ ಆಗಬೇಕು. ತೊಳೆದು, ಒಣಗಿಸಿ, ತುಪ್ಪದಲ್ಲಿ ಹದವಾಗಿ ಹುರಿಯುತ್ತೇವೆ. ಕೈಯಲ್ಲಿ ತಿಕ್ಕಿದರೆ ಪುಡಿಯಾಗಬೇಕು, ಕರಿ ಆಗಬಾರದು. ಕಾನೂನಿನಲ್ಲೂ ಇದು ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಅದಕ್ಕೇ ನಿಮ್ಮ ಬಾಟಲಿ ಮೇಲೆ ವೈದ್ಯರ ನಿಗಾ ಅಂತ ಬರೆದಿರೋದು. ಚಿಕ್ಕ ಅಕ್ಷರದಲ್ಲಿದ್ದರೂ ದೊಡ್ಡ ಮಾತು ಅದು.

ಫೋನಲ್ಲಿ ಮೂರು ನಿಮಿಷ ಮಾತಾಡಿದ್ದು ನಿಗಾ ಅಲ್ಲ ತಂಗಿ. ನಾಡಿ ನೋಡಿಲ್ಲ, ನಾಲಿಗೆ ನೋಡಿಲ್ಲ, ಬಾಯಲ್ಲಿ ಹುಣ್ಣಿದೆಯಾ ಅಂತ ಕೇಳಿಲ್ಲ. ನಿಮ್ಮಪ್ಪನ ಬಾಯಿಗೆ ಹನಿ ಹಾಕಿದರೆ ಉರಿಯಬಹುದು ಅನ್ನೋದೂ ಅವರಿಗೆ ಹೊಳೆದಿಲ್ಲ.

ಗಂಟು ಕರಗೋ ಮಾತು ನನಗೆ ಸಂಕಟ ತರುತ್ತದೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಈ ಅಂಶಗಳು ಕೆಲಸ ಮಾಡಿದ್ದು ನಿಜ. ಮನುಷ್ಯರ ಮೈಯಲ್ಲಿ ಕ್ಯಾನ್ಸರ್ ವಾಸಿಯಾಗುತ್ತೆ ಅಂತ ಯಾರೂ ತೋರಿಸಿಕೊಟ್ಟಿಲ್ಲ. ನಮ್ಮ ಜಿಲ್ಲೆಯಲ್ಲಿ ಮರದ ತೊಗಟೆಯ ಔಷಧಿಗೆ ಉತ್ತರ ಭಾರತದಿಂದಲೂ ಜನ ಬಂದು ರಾತ್ರಿಯೆಲ್ಲ ಸಾಲು ನಿಂತಿದ್ದನ್ನು ನೋಡಿದ್ದೇವೆ. ಆ ಸಾಲಿನ ಆಸೆಯನ್ನು ನಾನು ಯಾವತ್ತೂ ಹಗುರವಾಗಿ ನೋಡಲಾರೆ. ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.


ಭದ್ರಾವತಿಯ ಅಣ್ಣ
ಮಂಗಳವಾರ, ರಾತ್ರಿ 8:45

ಇಲ್ಲಿ ಓದುತ್ತಿರುವ ಹುಡುಗರಿಗೆ ಒಂದು ಮಾತು. ಔಷಧಿ ಅಂತ ಹೆಸರು ಬಂದ ಕೂಡಲೇ ಸೇದೋದೂ ಔಷಧಿ ಅಂದುಕೊಳ್ಳಬೇಡಿ.

ನನ್ನ ತಮ್ಮ ಇಂಜಿನಿಯರಿಂಗ್ ಓದುವಾಗ ಹಾಸ್ಟೆಲಿನಲ್ಲಿ ಶುರು ಮಾಡಿದ. ಟೆನ್ಷನ್ ಕಡಿಮೆ ಆಗುತ್ತೆ, ನಿದ್ದೆ ಬರುತ್ತೆ, ಇದು ಗಿಡಮೂಲಿಕೆ ಅನ್ನುತ್ತಿದ್ದ. ದಿನಾ ಸೇದಿದ. ಹತ್ತೊಂಬತ್ತನೇ ವರ್ಷಕ್ಕೆ ಫ್ಯಾನಿನ ಸದ್ದಿನಲ್ಲಿ ಯಾರೋ ತನ್ನ ಹೆಸರು ಹೇಳುತ್ತಿದ್ದಾರೆ ಅನ್ನೋಕೆ ಶುರು ಮಾಡಿದ. ಅಮ್ಮ ಬಡಿಸಿದ ಅನ್ನದಲ್ಲಿ ವಿಷ ಇದೆ ಅಂತ ತಟ್ಟೆ ತಳ್ಳಿದ. ಈಗ ಚಿಕಿತ್ಸೆಯಲ್ಲಿದ್ದಾನೆ, ಓದು ನಿಂತಿದೆ. ಅವನ ಮೈಯಲ್ಲಿ ಆ ಕಾಯಿಲೆಯ ಬೀಜ ಮೊದಲೇ ಇತ್ತೇನೋ. ಡಾಕ್ಟರ್ ಹೇಳಿದ್ದು, ಇದ್ದರೂ ಇದು ಅದಕ್ಕೆ ನೀರೆರೆಯಿತು ಅಂತ.

ಯುರೋಪಿನ ಹಲವು ಊರುಗಳು ಮತ್ತು ಬ್ರೆಜಿಲಿನಲ್ಲಿ ಮಾಡಿದ ಅಧ್ಯಯನ 2019ರಲ್ಲಿ ಬಂತು. ದಿನಾ ಸೇದುವವರಿಗೆ ಇಂಥ ಕಾಯಿಲೆಯ ಸಂಭವ ಸೇದದವರಿಗಿಂತ ಮೂರು ಪಟ್ಟು. ಟಿಎಚ್‌ಸಿ ಜಾಸ್ತಿ ಇರುವ ಮಾಲನ್ನು ದಿನಾ ಸೇದಿದರೆ ಐದು ಪಟ್ಟಿನ ಹತ್ತಿರ. ನಿಮ್ಮ ಮನೆಯಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇದ್ದಿದ್ದರೆ ಇದರ ನೆರಳಿಗೂ ಹೋಗಬೇಡಿ.


ಲಾಯರ್, ತೀರ್ಥಹಳ್ಳಿ ಕೋರ್ಟು
ಮಂಗಳವಾರ, ರಾತ್ರಿ 9:30

ತಂಗಿಯ ಮೂರನೇ ಪ್ರಶ್ನೆಗೆ, ಪೊಲೀಸ್ ವಿಷಯಕ್ಕೆ. 1985ರ ಎನ್‌ಡಿಪಿಎಸ್ ಅನ್ನೋ ಮಾದಕವಸ್ತು ಕಾಯ್ದೆಯಲ್ಲಿ ಗಾಂಜಾ ಅಂದರೆ ಗಿಡದ ಹೂವು, ಕಾಯಿ ಬಿಟ್ಟ ತುದಿ. ಅಂಟು ಚರಸ್. ಬೀಜ ಮತ್ತು ಎಲೆ ಆ ತುದಿಯ ಜತೆ ಇಲ್ಲದೆ ಬರೀ ತಾವೇ ಇದ್ದರೆ ಗಾಂಜಾ ಅಲ್ಲ. 2022ರಲ್ಲಿ ನಮ್ಮ ಹೈಕೋರ್ಟ್ ಒಂದು ಜಾಮೀನು ಪ್ರಕರಣದಲ್ಲಿ ಭಂಗ್ ಈ ಕಾಯ್ದೆಯ ನಿಷೇಧಿತ ವಸ್ತು ಅಲ್ಲ ಅಂದಿದ್ದು ಇದೇ ಅರ್ಥದಲ್ಲಿ. ಎಲೆಯ ಸಾರದಿಂದ ಆಯುಷ್ ಲೈಸೆನ್ಸ್ ಪಡೆದು ಮಾಡಿದ ಔಷಧಿಯನ್ನು ಚೀಟಿಯ ಮೇಲೆ ತಗೊಂಡವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಚೀಟಿ, ಬಿಲ್ಲು ಜೋಪಾನ ಇಟ್ಟುಕೊಳ್ಳಿ. ಬಾಟಲಿಯ ಮೇಲೆ ಲೈಸೆನ್ಸ್ ನಂಬರ್ ಇದೆಯಾ ನೋಡಿ.

ಹಿತ್ತಲಲ್ಲಿ ಒಂದು ಗಿಡ ಬೆಳೆದರೂ ಅದು ಬೇರೆ ಕಥೆ. ಬೆಳೆಯೋದಕ್ಕೆ ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ, ಒಂದು ಲಕ್ಷದವರೆಗೆ ದಂಡ. ಅಪ್ಪನ ನೋವಿಗೆ ಬೆಳೆದೆ ಅಂದರೆ ಕೋರ್ಟಿಗೆ ಮರುಕ ಬರಬಹುದು, ಕೇಸು ಹೋಗಲ್ಲ.


ಅಡಿಕೆ ಬೆಳೆಗಾರ, ಹೊಸನಗರ
ಮಂಗಳವಾರ, ರಾತ್ರಿ 10:05

ಎಲೆಚುಕ್ಕಿ ರೋಗ ಬಂದು ತೋಟ ಅರ್ಧ ಹೋಯ್ತು. ಉತ್ತರಾಖಂಡದಲ್ಲಿ ಹೆಂಪ್ ಬೆಳೆಯೋಕೆ ಕೊಟ್ಟಿದ್ದಾರಂತೆ. ನಮಗೂ ಕೊಟ್ಟರೆ ಔಷಧಿಗೂ ಆಯ್ತು, ರೈತರಿಗೂ ಆಯ್ತು ಅಲ್ವಾ ಲಾಯರ್ ಸರ್?


ಲಾಯರ್, ತೀರ್ಥಹಳ್ಳಿ ಕೋರ್ಟು
ಮಂಗಳವಾರ, ರಾತ್ರಿ 10:20

ಕೊಟ್ಟಿದ್ದಾರೆ, 2018ರಿಂದ. ಅದೂ ಟಿಎಚ್‌ಸಿ ನೂರಕ್ಕೆ 0.3ಕ್ಕಿಂತ ಕಡಿಮೆ ಇರುವ ತಳಿಗೆ, ಲೈಸೆನ್ಸ್ ಮೇಲೆ. ಇಲ್ಲಿ ಅಂಥ ಲೈಸೆನ್ಸ್ ಕೈಗೆ ಬರದೆ ಒಂದು ಬೀಜವನ್ನೂ ಊರಬೇಡಿ. ಇದರ ಬಗ್ಗೆ ಬೇರೆ ಚರ್ಚೆ ತೆರೆಯೋಣ, ಇಲ್ಲಿ ಆ ತಂಗಿಯ ವಿಷಯ ಮುಗಿಯಲಿ.


ನೋವು ಶಮನ ವಿಭಾಗದ ನರ್ಸ್
ಮಂಗಳವಾರ, ರಾತ್ರಿ 11:15

ಡ್ಯೂಟಿ ಮುಗಿಸಿ ಈಗಷ್ಟೇ ಓದಿದೆ. ತಂಗಿ, ನಾನೂ ಮಲೆನಾಡಿನವಳೇ, ಕೊಪ್ಪದ ಕಡೆ. ಈಗ ಕರಾವಳಿಯಲ್ಲಿ ಕೆಲಸ. ನಿಮ್ಮಪ್ಪನ ತರದವರನ್ನು ಹನ್ನೆರಡು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ಜನ ಎಣ್ಣೆಯ ಬಗ್ಗೆ ಬರೆದರು, ಎಲ್ಲ ಸರಿಯಾಗಿಯೇ ಬರೆದಿದ್ದಾರೆ. ಆದರೆ ಒಂದು ಪ್ರಶ್ನೆ ಯಾರೂ ಕೇಳಲಿಲ್ಲ. ಅಪ್ಪಯ್ಯನಿಗೆ ಮಾರ್ಫಿನ್ ಯಾಕೆ ಕೊಟ್ಟಿಲ್ಲ?

ಇನ್ನು ಮಾಡೋದೇನೂ ಇಲ್ಲ ಅನ್ನೋ ಮಾತು ತಪ್ಪು. ಕ್ಯಾನ್ಸರ್ ಕರಗಿಸೋಕೆ ಏನೂ ಇಲ್ಲದೇ ಇರಬಹುದು. ನೋವಿಗೆ ಬೇಕಾದಷ್ಟಿದೆ. ನೀವು ಹೇಳಿದ್ದು ನೋಡಿದರೆ ಅವರಿಗೆ ಬರೆದಿರೋ ಮಾತ್ರೆ ಮಧ್ಯಮ ನೋವಿನದು ಇರಬೇಕು, ಅದರ ಮೇಲಿನ ಮೆಟ್ಟಿಲು ಮಾರ್ಫಿನ್, ಅಫೀಮಿನಿಂದ ಬರುವ ಜೋರು ನೋವಿನ ಔಷಧಿ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಈ ಮೆಟ್ಟಿಲುಗಳನ್ನು ಹೇಳಿಕೊಟ್ಟಿದೆ. ಮಾತ್ರೆ, ಬಾಯಿಂದ ಕೊಡೋದು, ಬೆಲೆಯೂ ಕಡಿಮೆ. ಮೊದಲೆಲ್ಲ ಆಸ್ಪತ್ರೆಗಳಿಗೆ ಇದನ್ನು ಇಟ್ಟುಕೊಳ್ಳೋಕೆ ನಾಲ್ಕಾರು ಲೈಸೆನ್ಸ್ ಬೇಕಿತ್ತು, ಹೆಚ್ಚಿನವರು ಗೊಡವೆಯೇ ಬೇಡ ಅಂತ ಬಿಟ್ಟಿದ್ದರು. ಲಾಯರ್ ಸರ್ ಹೇಳಿದ ಅದೇ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದು ಅದನ್ನು ಸುಲಭ ಮಾಡಿದ್ದಾರೆ. ಆದರೂ ಎಲ್ಲಾ ಕಡೆ ಇರಲ್ಲ, ಕೇಳಿಕೊಂಡು ಹೋಗಬೇಕು.

ಎಣ್ಣೆಗೂ ಇದಕ್ಕೂ ಹೋಲಿಸಿ ನೋಡಿ. ಗಾಂಜಾ ದೊಡ್ಡವರ ದೀರ್ಘಕಾಲದ ನೋವಿಗೆ ಉಪಯೋಗ ಅನ್ನೋಕೆ ಸಾಕಷ್ಟು ಆಧಾರ ಇದೆ ಅಂತ 2017ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಗಳ ವರದಿ ಹೇಳಿತು. 2021ರಲ್ಲಿ ಅಂತಾರಾಷ್ಟ್ರೀಯ ನೋವು ಅಧ್ಯಯನ ಸಂಘ, ಒಪ್ಪಿಗೆ ಕೊಡುವಷ್ಟು ಆಧಾರ ಸಾಲದು ಅಂದಿತು. ಕ್ಯಾನ್ಸರ್ ನೋವಿಗೆ ಆ ಬಾಯಿಗೆ ಸಿಂಪಡಿಸೋ ಔಷಧಿಯನ್ನೇ ದೊಡ್ಡ ಪರೀಕ್ಷೆಗಳಲ್ಲಿ ಕೊಟ್ಟು ನೋಡಿದರು, ಸಪ್ಪೆ ಔಷಧಿಗಿಂತ ಹೆಚ್ಚು ಅಂತ ಸ್ಪಷ್ಟವಾಗಿ ತೋರಿಸಲಾಗಲಿಲ್ಲ. ಹಾಗಂತ ನಮ್ಮ ಬಳಿ ಬರುವವರು ಎಣ್ಣೆ ತಗೊಳ್ಳುತ್ತಿದ್ದರೆ ನಾವು ಗದರೋದಿಲ್ಲ. ಕೆಲವರು ನಿದ್ದೆ ಬಂತು, ಹಸಿವಾಯ್ತು ಅಂತಾರೆ, ನಾನು ಕಿವಿಯಾರೆ ಕೇಳಿದ್ದೇನೆ. ಆದರೆ ಅದೊಂದನ್ನೇ ನಂಬಿ ಮಾರ್ಫಿನ್ ಇಲ್ಲದೆ ತಿಂಗಳುಗಟ್ಟಲೆ ನರಳಿದವರನ್ನೂ ನೋಡಿದ್ದೇನೆ. ಅವರ ಮನೆಯವರು ಆಮೇಲೆ ಅಳೋದು ನೋಡೋಕಾಗಲ್ಲ.

ಮಾರ್ಫಿನ್ ಅಂದರೆ ಹೆದರಬೇಡಿ. ನೋವಿಗೆ ಡಾಕ್ಟರ್ ಅಳತೆ ಮಾಡಿ ಕೊಟ್ಟರೆ ಚಟ ಆಗೋದು ಅಪರೂಪ, ಕೊನೆ ಬೇಗ ಬರೋದೂ ಇಲ್ಲ. ಸಾದಾ ಮಾತ್ರೆ ನಾಲ್ಕು ಗಂಟೆಗೊಮ್ಮೆ. ನೋವು ಬಂದ ಮೇಲೆ ಅಲ್ಲ, ಗಡಿಯಾರ ನೋಡಿಕೊಂಡು, ಬರೋ ಮುಂಚೆ. ರಾತ್ರಿ ಮಲಗುವಾಗಿನದನ್ನು ಸ್ವಲ್ಪ ಹೆಚ್ಚು ಮಾಡಿ ನಡುರಾತ್ರಿ ಎಬ್ಬಿಸದ ಹಾಗೆ ಡಾಕ್ಟರ್ ಹೊಂದಿಸುತ್ತಾರೆ. ಮೊದಲ ಎರಡು ಮೂರು ದಿನ ಮಂಪರು, ವಾಕರಿಕೆ ಇರಬಹುದು. ಮಲಬದ್ಧತೆ ಮಾತ್ರ ಗ್ಯಾರಂಟಿ, ಅದಕ್ಕೆ ಮೊದಲ ದಿನದಿಂದಲೇ ಔಷಧಿ ಬೇಕು. ನುಂಗೋಕೆ ಆಗದಿದ್ದರೆ ಸಾದಾ ಮಾತ್ರೆಯನ್ನು ಪುಡಿ ಮಾಡಿ ನೀರಲ್ಲಿ ಕೊಡಬಹುದು. ನಿಧಾನವಾಗಿ ಬಿಡುವ ಜಾತಿಯ ಮಾತ್ರೆಯನ್ನು ಮಾತ್ರ ಪುಡಿ ಮಾಡಲೇಬಾರದು, ಹನ್ನೆರಡು ಗಂಟೆಯದು ಒಂದೇ ಸಲ ಮೈಗೆ ಹೋಗುತ್ತದೆ. ದವಡೆಯ ನೋವು ಚುರುಚುರು ಅಂತ ಕಿವಿಗೆ ಹೊಡೆಯುತ್ತಿದ್ದರೆ ಅದು ನರದ ನೋವು, ಅದಕ್ಕೆ ಬೇರೆ ಮಾತ್ರೆ ಸೇರಿಸುತ್ತಾರೆ.

ಶಿವಮೊಗ್ಗದಲ್ಲಿ ಕ್ಯಾನ್ಸರ್ ನೋಡುವ ಆಸ್ಪತ್ರೆಗಳಲ್ಲಿ ನೋವು ಶಮನದ ಡಾಕ್ಟರ್ ಇದ್ದಾರಾ, ಮಾರ್ಫಿನ್ ಇದೆಯಾ ಅಂತ ಮೊದಲು ಫೋನ್ ಮಾಡಿ. ಮಣಿಪಾಲದಲ್ಲಿ ಅದಕ್ಕೇ ಅಂತ ವಿಭಾಗ ಇದೆ. ನಿಮಗೆ ಬಿದನೂರು ನಗರ ದಾಟಿ ಹುಲಿಕಲ್ ಘಾಟಿ ಇಳಿದರೆ ದಾರಿ. ಹಳೇ ಕಾಗದಪತ್ರ, ಬಯಾಪ್ಸಿ ವರದಿ, ಈಗಿನ ಮಾತ್ರೆಗಳು, ಆ ಎಣ್ಣೆ ಬಾಟಲಿ, ಎಲ್ಲಾ ಒಂದು ಚೀಲದಲ್ಲಿ ಹಾಕಿಕೊಳ್ಳಿ. ಬಾಟಲಿ ಮುಚ್ಚಿಡಬೇಡಿ.


ಹೊಸನಗರದ ಮಗಳು
ಮಂಗಳವಾರ, ರಾತ್ರಿ 11:32

ಅಕ್ಕ, ಮಾರ್ಫಿನ್ ಅನ್ನೋ ಹೆಸರನ್ನೇ ನಮಗೆ ಯಾರೂ ಹೇಳಿರಲಿಲ್ಲ. ನಾಳೆ ಬೆಳಗ್ಗೆಯೇ ಫೋನ್ ಮಾಡುತ್ತೇನೆ.


ಹೊಸನಗರದ ಮಗಳು
ಸೋಮವಾರ, ಬೆಳಗ್ಗೆ 6:20

ಗುರುವಾರ ಘಾಟಿ ಇಳಿದು ಹೋಗಿಬಂದೆವು. ತಮ್ಮನೇ ಕಾರು ತಂದಿದ್ದ. ತಿರುವಿನಲ್ಲೆಲ್ಲ ಅಪ್ಪಯ್ಯನ ತಲೆಗೆ ಅಮ್ಮ ಕೈ ಕೊಟ್ಟುಕೊಂಡೇ ಕೂತಿದ್ದರು. ಡಾಕ್ಟರ್ ಮುಕ್ಕಾಲು ಗಂಟೆ ನೋಡಿದರು. ನೋವು ಹತ್ತರಲ್ಲಿ ಎಷ್ಟು ಅಂತ ಬೆರಳಲ್ಲಿ ತೋರಿಸೋಕೆ ಹೇಳಿದರು. ಅಪ್ಪಯ್ಯ ಎರಡೂ ಕೈ ಬಿಚ್ಚಿ ಹಿಡಿದರು.

ಎಣ್ಣೆ ಬಾಟಲಿಯನ್ನೂ ನೋಡಿದರು. ಈಗ ಬೇಡ, ನೋವಿನ ಅಳತೆ ಸಿಗಲಿ, ಎರಡೂ ಒಟ್ಟಿಗೆ ಶುರು ಮಾಡಿದರೆ ಮಂಪರು ಯಾವುದರಿಂದ ಬಂತು ಅಂತ ನಮಗೇ ಗೊತ್ತಾಗಲ್ಲ ಅಂದರು. ತಮ್ಮನ ಮುಖ ಸಪ್ಪಗಾಯಿತು. ಡಾಕ್ಟರ್ ಅವನ ಹೆಗಲ ಮೇಲೆ ಕೈ ಇಟ್ಟು, ನೀನು ತಂದಿದ್ದಕ್ಕೇ ಇವರೆಲ್ಲ ಇಲ್ಲಿಗೆ ಬಂದರು ಅಂದರು. ದಾರಿಯಲ್ಲಿ ಅವನು ಅತ್ತ.

ಮಾರ್ಫಿನ್ ಮಾತ್ರೆ, ನರದ ನೋವಿಗೆ ಇನ್ನೊಂದು, ಹೊಟ್ಟೆಗೆ ಒಂದು ಔಷಧಿ. ಬೆಳಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ಮೊಬೈಲಲ್ಲಿ ಅಲಾರಂ ಇಟ್ಟಿದ್ದೇನೆ. ಸೊರಬದ ಅಣ್ಣನ ಹಾಗೆ ನಾವೂ ಒಂದು ನೋಟ್‌ಬುಕ್ ನೇತುಹಾಕಿದ್ದೇವೆ. ಶುಕ್ರವಾರ ಹತ್ತರಲ್ಲಿ ಎಂಟು, ಶನಿವಾರ ಆರು. ನಿನ್ನೆ ರಾತ್ರಿ ಹತ್ತಕ್ಕೆ ಕೊಟ್ಟ ಮೇಲೆ ಮಲಗಿದವರು ಐದೂಕಾಲಿಗೆ ಎದ್ದರು. ನಾನು ಎರಡು ಗಂಟೆಗೆ ಅಭ್ಯಾಸಬಲದಿಂದ ಎದ್ದು ಕಿವಿಕೊಟ್ಟೆ. ಮಂಚದ ಸದ್ದಿಲ್ಲ. ಹೆದರಿ ಹೋಗಿ ಎದೆ ಮೇಲೆ ಕೈ ಇಟ್ಟು ನೋಡಿದೆ. ಉಸಿರಾಡುತ್ತಿದ್ದರು.

ಈಗ ಜಗಲಿಯಲ್ಲಿ ಕೂತಿದ್ದಾರೆ. ಚಪ್ಪರದ ಮೇಲಿನ ಅಡಿಕೆ ತಿರುವಿ ಹಾಕಿದ್ದೀರಾ ಅಂತ ಸನ್ನೆ ಮಾಡಿ ಕೇಳಿದರು.

ನರ್ಸಕ್ಕ, ಮೂರು ದಿನದಿಂದ ಹೊಟ್ಟೆ ಹೋಗಿಲ್ಲ. ಔಷಧಿ ಕೊಡುತ್ತಿದ್ದೇನೆ. ಏನು ಮಾಡಲಿ?


ನೋವು ಶಮನ ವಿಭಾಗದ ನರ್ಸ್
ಸೋಮವಾರ, ಬೆಳಗ್ಗೆ 6:41

ಮೂರು ದಿನ ಅಂದರೆ ಇನ್ನು ಕಾಯಬೇಡಿ. ಕೊಟ್ಟಿರೋ ಕಾರ್ಡಿನ ನಂಬರಿಗೆ ಒಂಬತ್ತರ ಮೇಲೆ ಫೋನ್ ಮಾಡಿ, ಹೊಟ್ಟೆಯ ಔಷಧಿಯ ಅಳತೆ ಹೆಚ್ಚಿಸಬೇಕಾ ಕೇಳಿ. ವಾಂತಿ ಅಥವಾ ಹೊಟ್ಟೆ ಉಬ್ಬರ ಇದ್ದರೆ ಈಗಲೇ ಮಾಡಿ. ಮಾರ್ಫಿನ್ ನಿಲ್ಲಿಸಬೇಡಿ. ಹತ್ತು ಗಂಟೆಯದು ಮರೆಯಬೇಡಿ.


ಸೊರಬದ ಅಪ್ಪ
ಸೋಮವಾರ, ಬೆಳಗ್ಗೆ 7:05

ಐದೂಕಾಲು ಅಂತ ಓದಿ ನನ್ನ ಹೆಂಡತಿಗೂ ಓದಿ ಹೇಳಿದೆ ತಂಗಿ. ನಾವು ಬುಧವಾರ ಬೆಂಗಳೂರಿಗೆ ಹೋಗುತ್ತಿದ್ದೇವೆ, ಲಿವರ್ ಪರೀಕ್ಷೆ ಮಾಡಿಸಿಕೊಂಡು ಬರೋಕೆ ಹೇಳಿದ್ದಾರೆ. ನೋಟ್‌ಬುಕ್ ತಗೊಂಡೇ ಹೋಗುತ್ತೇನೆ. ಏನು ಹೇಳಿದರು ಅಂತ ಇಲ್ಲೇ ಬರೆಯುತ್ತೇನೆ.